ಕಪ್ಪೆ ಲೆಕ್ಕ ಇಂಜಿನಿಯರ್‌ಗಳಿಗೆ ಯಾಕೆ?

ಕಪ್ಪೆ, ಹಾವು, ಹಲ್ಲಿಗಳ ಅಧ್ಯಯನ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರು "ಅದು ಬಯಾಲಜಿಯವರ ಕೆಲಸ, ನಮಗೆ ಪಿಯುಸಿಗೇ ಮುಗೀತು" ಅಂತಾರೆ. ನಾನು ಒಪ್ಪಲ್ಲ. ನಾಳೆ ರಸ್ತೆ, ಲೇಔಟ್, ಡ್ಯಾಮ್ ಕಟ್ಟೋರು ನಾವೇ. ಆ ಜಾಗದಲ್ಲಿ ಏನಿತ್ತು ಅಂತ ಗೊತ್ತಿಲ್ಲದೆ ಕಟ್ಟಿದ್ರೆ, ಏನು ಕಳ್ಕೊಂಡ್ವಿ ಅನ್ನೋದೂ ಗೊತ್ತಾಗಲ್ಲ.

ಹೊಸ ಪ್ರಭೇದ ಸಿಗೋಕೆ ಅಮೆಜಾನ್ ಕಾಡಿಗೇ ಹೋಗಬೇಕಿಲ್ಲ. ಮಣಿಪಾಲದ ಸುತ್ತಲಿನ ಮುರಕಲ್ಲಿನ ಬಯಲಲ್ಲಿ ಸಿಕ್ಕ, ಎರಡು ಸೆಂಟಿಮೀಟರ್ ಕೂಡ ಇಲ್ಲದ 'ಮೈಕ್ರೊಹೈಲಾ ಲ್ಯಾಟರೈಟ್' ಕಪ್ಪೆ ವಿಜ್ಞಾನಕ್ಕೆ ಪರಿಚಯವಾಗಿದ್ದು 2016ರಲ್ಲಿ. ಅಂಥ ಬಯಲನ್ನ ಜನ 'ಪಾಳು ಭೂಮಿ' ಅಂತಾರೆ! 2018ರಲ್ಲಿ ಮಂಗಳೂರಿನ 'ಮೈಕ್ರೊಹೈಲಾ ಕೊಡಿಯಲ್' ಬಂತು. 2020ರಲ್ಲಿ ಬೆಂಗಳೂರಿನ ಹೊರವಲಯದ ಬಿಲ ತೋಡುವ ಕಪ್ಪೆಗೆ 'ಸ್ಫೆರೋಥೀಕಾ ಬೆಂಗಳೂರು' ಅಂತ ಹೆಸರಾಯ್ತು.

ನನಗೆ ತುಂಬಾ ಇಷ್ಟ ಆಗಿದ್ದು ಉತ್ತರ ಕನ್ನಡದ ಕತ್ತಲೆಕಾನಿನ ಕಪ್ಪೆ. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ತೊರೆಯಿಂದ ಕೈಯಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತೆ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ತಂಡ ಅದಕ್ಕೆ 'ನಿಕ್ಟಿಬಟ್ರಾಕಸ್ ಕುಂಬಾರ' ಅಂತ ಹೆಸರಿಟ್ರು. ಜಗತ್ತಿನ ಯಾವ ವಿಜ್ಞಾನಿ ಆ ಕಪ್ಪೆ ಬಗ್ಗೆ ಬರೆದ್ರೂ ಈ ಕನ್ನಡ ಪದ ಬರೀಲೇಬೇಕು.

ಇದ್ರಲ್ಲಿ ನಮ್ಮ ಪಾತ್ರ ಏನು? ನೋಡೋಕೆ ಒಂದೇ ಥರ ಇರೋ ಕಪ್ಪೆಗಳನ್ನ ಬೇರೆ ಮಾಡೋಕೆ ಡಿಎನ್‌ಎ, ದೇಹದ ಅಳತೆಗಳ ಜೊತೆ ಕೂಗೂ ಮುಖ್ಯ. ಒಂದೊಂದು ಪ್ರಭೇದದ ಗಂಡಿಗೂ ಅದರದ್ದೇ ಕೂಗು. ಅದರ ಫ್ರೀಕ್ವೆನ್ಸಿ ಎಷ್ಟು, ಸೆಕೆಂಡಿಗೆ ಎಷ್ಟು ಪಲ್ಸ್, ಸ್ಪೆಕ್ಟ್ರೋಗ್ರಾಮ್ ಹೇಗಿದೆ? ಇವೆಲ್ಲ ಸಿಗ್ನಲ್ಸ್ ಲ್ಯಾಬಿನ ಪ್ರಶ್ನೆಗಳೇ. ಮಿನಿ ಪ್ರಾಜೆಕ್ಟಿಗೆ ಮತ್ತೊಂದು ಅಟೆಂಡೆನ್ಸ್ ಆ್ಯಪ್ ಮಾಡೋ ಬದಲು ರಾತ್ರಿ ತಾನಾಗೇ ರೆಕಾರ್ಡ್ ಮಾಡೋ ಡಬ್ಬಿ ಯಾಕೆ ಮಾಡಬಾರದು?

"ಇದ್ರಿಂದ ಪ್ಲೇಸ್‌ಮೆಂಟ್ ಆಗುತ್ತಾ?" ಅಂತ ಕೇಳ್ತೀರ. ಆಡಿಯೋ ಡೇಟಾ, ಮಷೀನ್ ಲರ್ನಿಂಗ್ ರೆಸ್ಯೂಮೆಗೂ ಬರುತ್ತೆ. ಆದ್ರೆ ನನ್ನ ವಾದ ಅದಲ್ಲ. 2023ರ ಜಾಗತಿಕ ವರದಿ ಪ್ರಕಾರ ಉಭಯವಾಸಿಗಳಲ್ಲಿ ಸುಮಾರು 41% ಪ್ರಭೇದಗಳು ಅಪಾಯದಲ್ಲಿವೆ. ನಮ್ಮ ಹಾಸ್ಟೆಲ್ ಹಿಂದಿನ ತಗ್ಗನ್ನೂ ಕಳೆದ ವರ್ಷ ಮಣ್ಣು ತುಂಬಿ ಪಾರ್ಕಿಂಗ್ ಮಾಡಿದ್ರು. ಅಲ್ಲಿ ಎಷ್ಟು ಬಗೆಯ ಕಪ್ಪೆಗಳಿದ್ವು ಅಂತ ಯಾರ ಹತ್ರಾನೂ ಪಟ್ಟಿ ಇಲ್ಲ.

ಗ್ರೌಂಡ್ ಪಕ್ಕದ ಹೊಂಡ ಇನ್ನೂ ಇದೆ. ಜೂನ್ ಮಳೆ ಶುರುವಾದ ಮೇಲೆ ರಾತ್ರಿ ಹತ್ತು ನಿಮಿಷ ಅಲ್ಲಿ ನಿಂತು ಫೋನಲ್ಲಿ ರೆಕಾರ್ಡ್ ಮಾಡಿ; ದಿನಾಂಕ, ಸಮಯ ಬರೆದಿಡಿ. ಟಾರ್ಚ್ ಇರಲಿ, ಕಪ್ಪೆ ಹಿಡಿಯೋದು ಬೇಡ. ಅಲ್ಲಿಗೆ ಜೆಸಿಬಿ ಬರೋ ಮುಂಚೆ ನಮ್ಮ ಪಟ್ಟಿ ಪ್ರಿನ್ಸಿಪಾಲರ ಟೇಬಲ್ ಮೇಲಿರಬೇಕು.