ಮರ ತೆಗೆಸುವ ಮೊದಲು ಗೆಲ್ಲು ಕಡಿಯಲು ಕಲಿಯೋಣ

ಕಳೆದ ಜೂನ್‌ನಲ್ಲಿ ನಮ್ಮ ಕಾಲೇಜಿನ ವಾಹನ ನಿಲ್ಲಿಸುವ ಜಾಗದಲ್ಲಿ ಕಾಟುಮಾವಿನ ಮರದ ಗೆಲ್ಲೊಂದು ಮುರಿದು ಬಿತ್ತು. ತರಗತಿ ನಡೆಯುತ್ತಿದ್ದ ಹೊತ್ತಾದ್ದರಿಂದ ಯಾರಿಗೂ ಗಾಯವಾಗಲಿಲ್ಲ. ಉಪನ್ಯಾಸಕರ ಎರಡು ಸ್ಕೂಟರ್ ಜಖಂ ಆದವು. ಅಂದಿನಿಂದ ಎಲ್ಲರದೂ ಒಂದೇ ಮಾತು: "ಆ ಮರ ಅಪಾಯ, ಬುಡಸಮೇತ ತೆಗೆಸಿಬಿಡಿ." ಮೊದಲು ನಾನೂ ಹಾಗೆಯೇ ಹೇಳಿದವಳು. ಈಗ ನನ್ನ ಅಭಿಪ್ರಾಯ ಬದಲಾಗಿದೆ.

ಬಿದ್ದ ಗೆಲ್ಲಿನ ಬುಡವನ್ನು ನಾನು ಹತ್ತಿರದಿಂದ ನೋಡಿದೆ. ಅದು ಮರದ ಮೂಲ ಗೆಲ್ಲಾಗಿರಲಿಲ್ಲ. ಹಿಂದೆ ಯಾವಾಗಲೋ ಕಡಿದು ಬಿಟ್ಟಿದ್ದ ಮೋಟಿನ ಅಂಚಿನಿಂದ ಎದ್ದ ಚಿಗುರು ತೋಳಿನಷ್ಟು ದಪ್ಪ ಬೆಳೆದಿತ್ತು. ಮೋಟಿನ ಒಳಗೆ ಕೈ ಹಾಕಿದರೆ ಪುಡಿ ಪುಡಿ. "ನಾಲ್ಕು ವರ್ಷದ ಹಿಂದೆ ಮಳೆಗಾಲಕ್ಕೆ ಮುಂಚೆ ಯಾರೋ ಬಂದು ಮರದ ತಲೆ ಬೋಳಿಸಿ ಹೋಗಿದ್ದರು" ಎಂದು ಅಟೆಂಡರ್ ಅಣ್ಣ ಹೇಳಿದರು. ಅಂದರೆ ಅಪಾಯ ತಪ್ಪಿಸಲೆಂದು ಮಾಡಿದ ಕೆಲಸವೇ ಈ ಅಪಾಯವನ್ನು ತಂದಿತ್ತು.

ನಮ್ಮ ಚರ್ಮದ ಗಾಯದಂತೆ ಮರದ ಗಾಯ ಮಾಯುವುದಿಲ್ಲ. ಮರ ಗಾಯದ ಸುತ್ತ ತಡೆಗೋಡೆ ಕಟ್ಟಿ, ಮೇಲಿನಿಂದ ಹೊಸ ಅಂಗಾಂಶ ಬೆಳೆಸಿ ಮುಚ್ಚಿಕೊಳ್ಳುತ್ತದೆ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು. ಗೆಲ್ಲು ಕಾಂಡಕ್ಕೆ ಸೇರುವಲ್ಲಿ ಅಂಗಿಯ ಕಾಲರ್‌ನಂಥ ಒಂದು ಉಬ್ಬು ಇರುತ್ತದೆ. ಗಾಯ ಮುಚ್ಚುವ ಶಕ್ತಿ ಅಲ್ಲಿದೆ. ಕಾಂಡಕ್ಕೆ ತಾಗಿಸಿ ಕಡಿದರೆ ಆ ಉಬ್ಬೇ ಹೋಗುತ್ತದೆ. ಉದ್ದ ಮೋಟು ಬಿಟ್ಟರೆ ಗಾಯ ಮುಚ್ಚಲಾರದೆ ಕೊಳೆಯುತ್ತದೆ. ಉಬ್ಬಿನ ಹೊರ ಅಂಚಿನಲ್ಲಿ ಕಡಿಯುವುದೇ ಸರಿಯಾದ ಕ್ರಮ. ಗಾಯಕ್ಕೆ ಟಾರು, ಪೇಂಟು ಬಳಿದರೆ ಕೊಳೆತ ನಿಲ್ಲುವುದಿಲ್ಲ ಎಂದೂ ಶೈಗೊ ಹೇಳಿದ್ದಾರೆ.

ಭಾರದ ಗೆಲ್ಲನ್ನು ಮೂರು ಸಲ ಕೊಯ್ಯಬೇಕು. ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಒಂದು ಕಚ್ಚು. ಅದಕ್ಕಿಂತ ಸ್ವಲ್ಪ ಹೊರಗೆ ಮೇಲಿನಿಂದ ಕೊಯ್ದು ಗೆಲ್ಲನ್ನು ಇಳಿಸುವುದು. ಕೊನೆಗೆ ಉಳಿದ ಮೋಟನ್ನು ಉಬ್ಬಿನ ಅಂಚಿಗೆ ಕೊಯ್ಯುವುದು. ಇದನ್ನು ಓದಿ ಹೇಳಿದಾಗ ಬಂಟ್ವಾಳದ ಕಡೆ ಅಡಿಕೆ ತೋಟ ಇರುವ ನನ್ನ ಮಾಮ ನಕ್ಕರು. "ಕೆಳಗೆ ಕಚ್ಚು ಹಾಕದಿದ್ದರೆ ಕಾಂಡದ ಸಿಪ್ಪೆ ಸುಲಿದು ಬರುತ್ತದೆ ಮೋಳೆ, ಇದಕ್ಕೆ ಪುಸ್ತಕ ಬೇಕಾ?" ತೋಟಕ್ಕೆ ಸೊಪ್ಪು ಕಡಿಯುತ್ತಿದ್ದ ನಮ್ಮ ಜಿಲ್ಲೆಯ ಹಿರಿಯರಿಗೆ ಇದು ಗೊತ್ತಿತ್ತು. ಮೆಷಿನ್ ಗರಗಸ ಬಂದ ಮೇಲೆ ನಾವು ಮರೆತೆವು.

ತಲೆ ಬೋಳಿಸುವುದಂತೂ ಬೇಡವೇ ಬೇಡ. ಒಂದು ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು ಎನ್ನುವುದು ಈ ವೃತ್ತಿಯವರ ಸಾಮಾನ್ಯ ನಿಯಮ. ಎಲೆಯೇ ಮರದ ಅಡುಗೆಮನೆ. ಅದನ್ನು ಪೂರ್ತಿ ಕಿತ್ತರೆ ಮರ ಗಾಬರಿಯಿಂದ ಎಂಬಂತೆ ಹತ್ತಾರು ಚಿಗುರು ಬಿಡುತ್ತದೆ. ಅವುಗಳ ಹಿಡಿತ ಸಿಪ್ಪೆಯ ಹತ್ತಿರ ಮಾತ್ರ, ಮರದ ಒಳಗೆ ಬೇರೂರಿರುವುದಿಲ್ಲ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುವ ಮಂಗಳೂರಿನಲ್ಲಿ, ಜೂನ್‌ನ ಗಾಳಿಗೆ ಮೊದಲು ಮುರಿಯುವುದು ಇಂಥ ಗೆಲ್ಲುಗಳೇ.

"ಮಕ್ಕಳ ಜೀವಕ್ಕಿಂತ ಮರ ದೊಡ್ಡದೇ?" ಎಂದು ಕೇಳುವವರಿದ್ದಾರೆ. ಖಂಡಿತ ಅಲ್ಲ. ಕಾಂಡವೇ ಟೊಳ್ಳಾಗಿದೆ, ಬೇರು ಸಡಿಲವಾಗಿದೆ ಎಂದು ತಿಳಿದವರು ಪರೀಕ್ಷಿಸಿ ಹೇಳಿದರೆ ನಾನೂ ಒಪ್ಪುತ್ತೇನೆ. ಆದರೆ ಇದುವರೆಗೆ ಯಾರೂ ಪರೀಕ್ಷಿಸಿಲ್ಲ. ಹೇಗೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ನಗರದಲ್ಲಿ ಮರ ಕಡಿಸಲು ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಅರ್ಜಿ ಹಾಕುವುದೇ ಆದರೆ ಮೊದಲು "ಬಂದು ನೋಡಿ, ಸಲಹೆ ಕೊಡಿ" ಎಂದು ಹಾಕೋಣ.

ಪ್ರಾಂಶುಪಾಲರಲ್ಲಿ ಮತ್ತು ಆಡಳಿತ ಮಂಡಳಿಯಲ್ಲಿ ನನ್ನ ವಿನಂತಿ ಇಷ್ಟೇ. ಮಾವಿನ ಫಸಲು ಮುಗಿದು ಜೋರು ಮಳೆ ಹಿಡಿಯುವ ಮೊದಲು, ಒಣಗಿದ ಮತ್ತು ಮೋಟಿನಿಂದ ಎದ್ದ ದುರ್ಬಲ ಗೆಲ್ಲುಗಳನ್ನು ಮಾತ್ರ ತಿಳಿದವರಿಂದ ತೆಗೆಸಿ. ವಿದ್ಯುತ್ ತಂತಿಯ ಹತ್ತಿರದ ಗೆಲ್ಲುಗಳನ್ನು ಲೈನ್ ಆಫ್ ಮಾಡಿಸಿ ಆ ಇಲಾಖೆಯವರೇ ತೆಗೆಯಲಿ. ಕೆಲಸದ ದಿನ ಜೀವಶಾಸ್ತ್ರದ ಉಪನ್ಯಾಸಕರೊಬ್ಬರು ಅಲ್ಲಿ ನಿಂತಿರಲಿ. ಅದುವರೆಗೆ ಮರದ ಕೆಳಗೆ ವಾಹನ ನಿಲ್ಲಿಸುವುದೂ ನಿಲ್ಲುವುದೂ ಬೇಡ, ಹಗ್ಗ ಕಟ್ಟೋಣ.

ಸಂಜೆ ಬಸ್ಸಿಗೆ ಹೊರಡುವ ಮೊದಲು ನಾವೆಲ್ಲ ನಿಲ್ಲುತ್ತಿದ್ದ ನೆರಳು ಅದು. ಅದನ್ನು ಕಡಿಯಲು ಅರ್ಧ ದಿನ ಸಾಕು. ಅಂಥದೇ ಇನ್ನೊಂದು ಮರ ಬೆಳೆಯುವಷ್ಟರಲ್ಲಿ ನಮ್ಮ ಮಕ್ಕಳು ಪಿಯುಸಿಗೆ ಬಂದಿರುತ್ತಾರೆ.