ಗೃಹಸ್ಥರೊಡನೆ ಎರಡು ಮಾತು: ಹಿರಿಯರ ಮನೆಯನ್ನು ಬಿಡಬಹುದೆ?

‘ಗೃಹ’ ಎಂಬ ಶಬ್ದವು ‘ಗ್ರಹ್’ ಧಾತುವಿನಿಂದ ನಿಷ್ಪನ್ನವಾದುದು. ಹಿಡಿಯುವುದು ಎಂಬುದೇ ಆ ಧಾತುವಿನ ಅರ್ಥ. ಯೌವನದಲ್ಲಿ ಗೃಹಸ್ಥನು ಮನೆಯನ್ನು ಹಿಡಿದಿರುವನು. ವಯಸ್ಸು ಇಳಿದ ಮೇಲೆ ಮನೆಯೇ ಅವನನ್ನು ಹಿಡಿದಿರುವುದು. ಈ ಹಿಡಿತವು ಆಶ್ರಯವೋ ಬಂಧನವೋ ಎಂದು ನಿರ್ಣಯಿಸುವ ಕಾಲವು ಅನೇಕ ಕುಟುಂಬಗಳಿಗೆ ಒದಗಿದೆ. ನಮಗೂ ಒದಗಿದೆ.

ನಮ್ಮದು ಪಿತಾಮಹರು ಕಟ್ಟಿಸಿದ ತೊಟ್ಟಿಯ ಮನೆ. ಒಂದು ಕಾಲಕ್ಕೆ 14 ಎಲೆ ಹಾಕುತ್ತಿದ್ದ ನಡುಮನೆಯಲ್ಲಿ ಈಗ ಬೀಳುವುದು 2 ಎಲೆ ಮಾತ್ರ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು; ಒಡೆದುದನ್ನು ಬದಲಿಸಬೇಕು; ತೊಲೆ ಜಂತೆಗಳಿಗೆ ಗೆದ್ದಲು ಹತ್ತದಂತೆ ನೋಡಬೇಕು. ಈ ಕೆಲಸವನ್ನು ಬಲ್ಲವರು ವಿರಳರಾಗಿರುವರು. ಹೊಸ್ತಿಲುಗಳು ಎತ್ತರ, ಬಚ್ಚಲುಮನೆ ಹಿತ್ತಿಲಿನಲ್ಲಿ. ಮೊಣಕಾಲು ನೋವಿನ ನಮ್ಮ ಸಹಧರ್ಮಿಣಿಗೆ ಇವೆರಡೂ ದಿನದಿನದ ಕಷ್ಟಗಳು.

ಮಾರಿ ಚಿಕ್ಕ ಮನೆಗೆ ಹೋಗುವುದೇ ವಿಹಿತವೆಂದು ಮಕ್ಕಳು ಹೇಳುವರು. ಮೊಮ್ಮಕ್ಕಳನ್ನು ಕಂಡ ಗೃಹಸ್ಥನು ಮನೆಯನ್ನು ತೊರೆಯತಕ್ಕದ್ದೆಂದು ಮನುಸ್ಮೃತಿಯ 6ನೆಯ ಅಧ್ಯಾಯವೂ ವಿಧಿಸಿರುವುದರಿಂದ, ಮನೆ ಬಿಡುವುದನ್ನು ಪೂರ್ವಿಕರು ಅಪಮಾನವೆಂದು ಎಣಿಸಿರಲಿಲ್ಲ. ಬೇಡವೆನ್ನುವವಳು ನಮ್ಮ ತಂಗಿ. “ಅಣ್ಣಯ್ಯ, ನೀವು ಈ ಮನೆ ಮಾರಿದರೆ ಗೌರಿಹಬ್ಬಕ್ಕೆ ನಾನು ಯಾವ ಬಾಗಿಲಿಗೆ ಬರಲಿ?” ಎಂದು ಆಕೆ ಕೇಳಿದಳು.

ಇದನ್ನು ಬರಿಯ ಮಮತೆಯೆಂದು ತಳ್ಳಿಹಾಕಲಾಗದು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಹುಟ್ಟಿನಿಂದಲೇ ಉಂಟೆಂದು 2005ರ ತಿದ್ದುಪಡಿಯು ವಿಧಿಸಿದೆ. ಆ ದಿನ ತಂದೆ ಜೀವಿಸಿರಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿತು. ಆದಕಾರಣ ವಿಭಾಗವಾಗದ ಮನೆಯನ್ನು ಸೋದರಿಯರ ಒಪ್ಪಿಗೆಯಿಲ್ಲದೆ ಮಾರಹೊರಡುವುದು ಅಧರ್ಮವೂ ಅಹುದು, ಅವಿವೇಕವೂ ಅಹುದು.

ಮಾರದೆ ಮಕ್ಕಳಿಗೇ ದಾನಪತ್ರ ಬರೆದುಕೊಡುವವರು, ತಮ್ಮನ್ನು ಪಾಲಿಸತಕ್ಕದ್ದೆಂಬ ಷರತ್ತನ್ನು ಆ ಪತ್ರದಲ್ಲಿಯೇ ಬರೆಯಿಸಲಿ. ಷರತ್ತು ತಪ್ಪಿದಲ್ಲಿ ನ್ಯಾಯಮಂಡಳಿಯ ಮೂಲಕ ಅದನ್ನು ರದ್ದುಗೊಳಿಸಿಕೊಳ್ಳಲು 60 ವರ್ಷ ತುಂಬಿದವರಿಗೆ 2007ರ ಕಾನೂನು ಅವಕಾಶವಿತ್ತಿದೆ. ಬಹುಕಾಲದ ಮನೆಯನ್ನು ಮಾರಿದವರು 2 ವರ್ಷಗಳೊಳಗೆ ಬೇರೆ ವಾಸದ ಮನೆಯನ್ನು ಕೊಂಡರೆ, ಅಥವಾ 3 ವರ್ಷಗಳೊಳಗೆ ಕಟ್ಟಿಸಿದರೆ, ಅದಕ್ಕೆ ವಿನಿಯೋಗಿಸಿದ ಲಾಭಾಂಶಕ್ಕೆ ಆದಾಯ ತೆರಿಗೆಯ ವಿನಾಯಿತಿಯುಂಟು. ಈ ಅವಧಿಗಳನ್ನು ಮೊದಲೇ ತಿಳಿದಿರುವುದೊಳ್ಳೆಯದು.

ಆದರೆ ಪತ್ರಕ್ಕಿಂತ ಮೊದಲು ಪರೀಕ್ಷೆ ನಡೆಯಬೇಕು. ಮಾರಿದ ಮನೆ ಮರಳಿ ಬಾರದು. ಬಾಡಿಗೆಯ ಮನೆಯನ್ನಾದರೋ ಬಿಟ್ಟು ಬರಬಹುದು. ಅನುಕೂಲವುಳ್ಳವರು ಒಂದು ವರ್ಷ ಬಾಡಿಗೆಯ ಚಿಕ್ಕ ಮನೆಯಲ್ಲಿದ್ದು ನೋಡಲಿ. ವೈದ್ಯರು ಎಷ್ಟು ದೂರ, ಸಂಜೆ ಮಾತನಾಡಿಸುವವರು ಉಂಟೋ ಇಲ್ಲವೋ, ರಾತ್ರಿ ನಿದ್ರೆ ಹತ್ತುವುದೋ ಎಂಬುದು ಋತುಗಳೆಲ್ಲ ಕಳೆದ ಮೇಲೆ ತಾನಾಗಿ ತಿಳಿಯುವುದು. ಆ ಅವಧಿಯಲ್ಲಿ ಹಳೆಯ ಮನೆಯಿಂದ ಯಾವ ಯಾವ ವಸ್ತುವನ್ನು ತರಿಸಿಕೊಂಡೆವೆಂದು ಪಟ್ಟಿ ಮಾಡಿದರೆ, ನಮಗೆ ನಿಜವಾಗಿ ಬೇಕಾದುದೆಷ್ಟೆಂಬುದೂ ಗೊತ್ತಾಗುವುದು.

ನಾವು ಹಾಗೆಯೇ ನಿಶ್ಚಯಿಸಿದ್ದೇವೆ. ವರ್ಷ ಕಳೆಯುವವರೆಗೆ ಮಾರಾಟದ ಮಾತಿಲ್ಲ. ವಾರಕ್ಕೊಮ್ಮೆ ಬಾಗಿಲು ತೆರೆದು ಗಾಳಿಯಾಡಿಸಲು ನೆರೆಯವರು ಒಪ್ಪಿರುವರು. ಬಾಡಿಗೆಯ ಮನೆಯಲ್ಲಿ ಇಬ್ಬರಿಗೆ ಸಾಕಾಗುವುದಕ್ಕಿಂತ ಒಂದು ಕೋಣೆ ಹೆಚ್ಚಿರಬೇಕೆಂದು ನಮ್ಮ ಸಹಧರ್ಮಿಣಿ ಹಟ ಹಿಡಿದರು. ಅದರ ಬಾಡಿಗೆ ನಮ್ಮ ಪಿಂಚಣಿಗೆ ಸ್ವಲ್ಪ ಭಾರವೇ. ಆದರೂ ಆ ಕೋಣೆ ತಂಗಿಗಾಗಿ. ಗೌರಿಹಬ್ಬಕ್ಕೆ ಬರಬೇಕೆಂದು ಆಕೆಗೆ ಹೊಸ ವಿಳಾಸವನ್ನು ಬರೆದು ಕಳುಹಿಸಿದ್ದೇವೆ.