ಪೂಲ್ ಹೋಯಿತು, ಆ್ಯಪ್ ಸ್ಟೋರ್ ಬಂತು

ಸರ್ಕಾರ ಪಕ್ಕಕ್ಕೆ ಸರಿದರೆ ಸಾಕು, ಉಳಿದದ್ದನ್ನು ಮಾರುಕಟ್ಟೆಯೇ ನೋಡಿಕೊಳ್ಳುತ್ತದೆ ಎಂಬ ಮಾತನ್ನು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಾನೂ ಕೋಡ್ ಬರೆದೇ ಹೊಟ್ಟೆ ಹೊರೆಯುವವನು. ಮನೆಯಿಂದಲೇ ಕೆಲಸವೆಂದು ಮೂಡಿಗೆರೆ, ಕಳಸದ ತೋಟಗಳಿಗೆ ಮರಳಿದ ನನ್ನಂಥವರು ಲ್ಯಾಪ್‌ಟಾಪಿನ ಜೊತೆ ಆ ಮಾತನ್ನೂ ಹೊತ್ತು ತಂದಿದ್ದಾರೆ. ಒಪ್ಪಿಗೆಯಿಲ್ಲದೆ ಪ್ರಭುತ್ವ ಯಾರ ದುಡಿಮೆಗೂ ಕೈ ಹಾಕಕೂಡದೆನ್ನುವ ಈ ನಿಲುವಿಗೆ ಲಿಬರ್ಟೇರಿಯನಿಸಂ ಎಂದು ಹೆಸರು.

ಅದನ್ನು ಕೇಳಿ ನಕ್ಕುಬಿಡುವ ಹಾಗಿಲ್ಲ, ನಮ್ಮ ಸೀಮೆಯವರಂತೂ ನಗಬಾರದು. 1942ರ ಕಾಫಿ ಕಾಯ್ದೆಯಡಿ ಬೆಳೆಗಾರ ಮನೆಬಳಕೆಗೆ, ಬಿತ್ತನೆಗೆ ಒಂದಿಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಿತ್ತು. ತಾನು ಬೆಳೆದದ್ದನ್ನು ತಾನೇ ಮಾರಿದರೆ ಅಪರಾಧ! ಹಣ ಬರುತ್ತಿದ್ದುದು ಕಂತುಕಂತಾಗಿ, ಅದೂ ತಡವಾಗಿ. 1992ರಲ್ಲಿ ಶೇ. 30ರಷ್ಟನ್ನು ದೇಶದೊಳಗೆ ಸ್ವಂತವಾಗಿ ಮಾರಲು ಬಿಟ್ಟರು. 1996ರ ಹೊತ್ತಿಗೆ ಪೂರ್ತಿ ಬಿಟ್ಟರು. ಪೂಲ್ ಹೋದದ್ದು ಒಳ್ಳೆಯದೇ ಆಯಿತು.

ಆದರೆ ನಮ್ಮ ಹುಡುಗರು ಕತೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಐದಾರು ವರ್ಷದಲ್ಲಿ ಜಾಗತಿಕ ಬೆಲೆ ಪಾತಾಳ ಕಂಡಾಗ ಮುಕ್ತ ಮಾರುಕಟ್ಟೆಯ ಬೆಳೆಗಾರರು ಸಾಲಕ್ಕೆ ಪರಿಹಾರ ಕೇಳಿದ್ದು ದೆಹಲಿಯನ್ನೇ. ನಮ್ಮ ತೋಟಗಳಲ್ಲಿರುವ ಎಸ್.795 ತಳಿ ಬಂದದ್ದು 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ತೆರೆದ ಸಂಶೋಧನಾ ಕೇಂದ್ರದಿಂದ. ಸಾಫ್ಟ್‌ವೇರಿನ ಜಾತಕವೂ ಬೇರೆಯಲ್ಲ. ಇಂಟರ್ನೆಟ್ಟಿನ ಬೇರಿಗೆ ನೀರೆರೆದದ್ದು ಅಮೆರಿಕದ ರಕ್ಷಣಾ ಇಲಾಖೆ. 1991ರ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆ ಉಪಗ್ರಹ ಸಂಪರ್ಕ ಕೊಟ್ಟಿತು, ಅದರ ಘಟಕಗಳಿಗೆ 2011ರವರೆಗೆ ತೆರಿಗೆ ವಿನಾಯಿತಿಯೂ ಇತ್ತು. ಯಾರ ಹಂಗಿಗೂ ಬೀಳದೆ ಮೂಡಿಗೆರೆಯಲ್ಲಿ ಕಾಫಿ ಬೆಳೆದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ವಿಷಯದಲ್ಲಿ ಮಾರುಕಟ್ಟೆಯನ್ನು ಕಾಯುತ್ತ ಕೂರಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಬೆನ್ನಿಗೆ ನಿಂತರು. ಅದು ಸರ್ಕಾರಿ ವಿಶ್ವವಿದ್ಯಾಲಯ ಎನ್ನುವುದನ್ನು ನೆನಪಿಡಿ.

ಇನ್ನು ಒತ್ತಾಯದ ಮಾತು. ಐಫೋನಿಗೆ ಆ್ಯಪ್ ಬರೆದವನು ಅದನ್ನು ಇಲ್ಲಿ ಆ್ಯಪಲ್ ಅಂಗಡಿಯಲ್ಲೇ ಇಡಬೇಕು. ಆ್ಯಪ್ ಮಾರಿದ ದುಡ್ಡಿನಲ್ಲಿ ಶೇ. 30 ಕಂಪನಿಯ ಪಾಲು. 2021ರಿಂದ ಸಣ್ಣವರಿಗೆ ಶೇ. 15. ಪೂಲಿಗೂ ಇದಕ್ಕೂ ಏನು ವ್ಯತ್ಯಾಸ? ಬೋರ್ಡಿನ ಮೇಲೆ ಸಿಟ್ಟಾದರೆ ಎಂಪಿಯ ಮನೆ ಮುಂದೆ ಕೂರಬಹುದಿತ್ತು. ಕ್ಯಾಲಿಫೋರ್ನಿಯಾದ ಕಂಪನಿಯ ಎದುರು ಎಲ್ಲಿ ಕೂರುವುದು? 2024ರಲ್ಲಿ ಯುರೋಪಿನ ಐಫೋನುಗಳಿಗೆ ಬೇರೆ ಅಂಗಡಿಯ ಬಾಗಿಲು ತೆರೆಸಿದ್ದು ಕಾನೂನು. ಒತ್ತಾಯ ಸರ್ಕಾರದಿಂದಷ್ಟೇ ಬರುತ್ತದೆ ಎನ್ನುವವರು ತಮ್ಮ ಜೇಬಿನ ಫೋನನ್ನೇ ನೋಡಿಲ್ಲ.

ನನ್ನ ನಿಜವಾದ ತಕರಾರು ಲೈನ್‌ಮನೆಯದು. ಇಬ್ಬರು ಒಪ್ಪಿ ಮಾಡಿಕೊಂಡ ಕರಾರಿನ ನಡುವೆ ಸರ್ಕಾರಕ್ಕೇನು ಕೆಲಸ ಎನ್ನುತ್ತಾರೆ ಈ ಗೆಳೆಯರು. ಇದೇ ತೋಟಗಳಲ್ಲಿ ಹಣ್ಣು ಕೊಯ್ಯುವ ಹೆಂಗಸು ಮಲಗುವುದು ಧಣಿಯ ಮನೆಯಲ್ಲಿ. ಅಂಥ ದೊಡ್ಡ ತೋಟಗಳಲ್ಲಿ ಮನೆ, ವೈದ್ಯಕೀಯ ನೆರವು ಮಾಲೀಕನ ಹೊಣೆಯೆಂದು ಕಟ್ಟಿಹಾಕಿದ್ದು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ. ನಮಗೆ ಕಂಪನಿ ಬೇಸರವಾದರೆ ನೋಟಿಸ್ ಅವಧಿ ಮುಗಿಸಿ ಇನ್ನೊಂದಕ್ಕೆ ಹಾರುತ್ತೇವೆ, ಸಂಬಳವೂ ಏರುತ್ತದೆ. ಅವಳು ‘ಒಲ್ಲೆ’ ಎಂದರೆ ಕೂಲಿಯ ಜೊತೆ ತಲೆಯ ಮೇಲಿನ ಸೂರೂ ಹೋಗುತ್ತದೆ, ಮಕ್ಕಳ ಶಾಲೆಯೂ ತಪ್ಪುತ್ತದೆ. ಅಂಥ ‘ಒಪ್ಪಿಗೆ’ಗೆ ನಾವು ಸ್ವಾತಂತ್ರ್ಯವೆಂದು ಹೆಸರಿಡುತ್ತಿರುವುದು, ಅವಳು ಕೊಯ್ದ ಕಾಫಿಯನ್ನೇ ಕುಡಿಯುತ್ತ.